ದೆವ್ವವಿಲ್ಲದ ಭಯಾನಕ ಚಿತ್ರ

ಭಯಾನಕ ಚಿತ್ರವೆಂದೊಡನೆ ಹಾಳು ಬಂಗಲೆ, ಬಿಳಿ ಸೀರೆ, ನಡುರಾತ್ರಿಯ ಗೆಜ್ಜೆಸದ್ದು ನಮ್ಮ ನೆನಪಿಗೆ ಬರುತ್ತವೆ. ಆದರೆ ಅಮೆರಿಕದ ಕೆವಿನ್ ಸ್ಮಿತ್ 2011ರಲ್ಲಿ ನಿರ್ದೇಶಿಸಿದ ‘ರೆಡ್ ಸ್ಟೇಟ್’ ಚಿತ್ರದಲ್ಲಿ ದೆವ್ವವಿಲ್ಲ. ಅಲ್ಲಿ ಭಯ ಹುಟ್ಟಿಸುವವನು ದೇವರ ವಾಕ್ಯವನ್ನು ಬಾಯಿಪಾಠ ಬಲ್ಲ ಒಬ್ಬ ವೃದ್ಧ ಬೋಧಕ. ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಸುಮಾರು 40 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾದ ಈ ಚಿತ್ರ ಅದೇ ವರ್ಷ ಸ್ಪೇನಿನ ಸಿಟ್ಜಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ಚಿತ್ರವೆನಿಸಿತು. ಬೋಧಕನ ಪಾತ್ರಧಾರಿ ಮೈಕೆಲ್ ಪಾರ್ಕ್ಸ್ ಶ್ರೇಷ್ಠ ನಟರೆನಿಸಿದರು.

ತನ್ನ ಮನೆಮಂದಿಯನ್ನೇ ಸಭೆಯಾಗಿಸಿಕೊಂಡ ಆ ಬೋಧಕ, ತಾನು ಪಾಪಿಗಳೆಂದು ತೀರ್ಮಾನಿಸಿದವರನ್ನು ಪ್ರಾರ್ಥನಾಲಯದಲ್ಲೇ ಕೊಲ್ಲಿಸುತ್ತಾನೆ. ಮುತ್ತಿಗೆ ಹಾಕಿದ ಸರ್ಕಾರಿ ಪಡೆಗೂ ಸಾಕ್ಷಿಗಳು ಉಳಿಯಬಾರದೆಂಬ ಆಜ್ಞೆ ಬರುತ್ತದೆ. ಹಿಂಸೆ ತುಂಬಿದ ಈ ಚಿತ್ರ ಮಕ್ಕಳಿಗೆ ತೋರಿಸತಕ್ಕದ್ದಲ್ಲ. ಆದರೆ ಹಿರಿಯರಾದ ನಾವು ಅದು ಕೇಳುವ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.

ಭೀಮಾತೀರದ ದೇವಣಗಾಂವಕ್ಕೂ ಅಮೆರಿಕದ ಕಥೆಗೂ ಏನು ಸಂಬಂಧವೆನ್ನುವಿರಾ? ಇದೇ ಸಿಂದಗಿ ಸೀಮೆಯ ಯರಗಲ್ಲಿನಲ್ಲಿ 1938ರಲ್ಲಿ ಜನಿಸಿ, ವಚನ ಸಾಹಿತ್ಯದ ಸಂಶೋಧನೆಗೆ ಬಾಳನ್ನೇ ಮುಡಿಪಾಗಿಟ್ಟ ಡಾ. ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ತನಿಖಾ ತಂಡ 2019ರಲ್ಲಿ ಆರೋಪಪಟ್ಟಿ ಸಲ್ಲಿಸಿತು. ಅಪರಾಧಿ ಯಾರೆಂಬ ತೀರ್ಪು ನ್ಯಾಯಾಲಯದ್ದು. ಆದರೆ ವಿಚಾರಕ್ಕೆ ಗುಂಡು ಉತ್ತರವಲ್ಲವೆಂದು ಹೇಳಲು ನಾವು ತೀರ್ಪಿಗಾಗಿ ಕಾಯಬೇಕಿಲ್ಲ.

ನಮ್ಮ ಧರ್ಮಸಭೆಯೂ ಈ ನೋವನ್ನುಂಡಿದೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ದೇವಾಲಯದ ಬಳಿಯ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆಯನ್ನು ಭಗ್ನಗೊಳಿಸಿದ್ದನ್ನು ಮರೆತವರುಂಟೆ? ಆದರೂ ನೋವುಂಡವರಿಗೆ ಒಂದು ಶೋಧನೆ ಕಾದಿರುತ್ತದೆ. ನಾವು ಎಂದಿಗೂ ಆ ಬೋಧಕನಂತಾಗಲಾರೆವೆಂಬ ನೆಮ್ಮದಿಯೇ ಆ ಶೋಧನೆ. ಆತನ ಕೈಯಲ್ಲಿದ್ದುದು ನಾವು ಮುತ್ತಿಡುವ ಪವಿತ್ರ ಗ್ರಂಥವೇ ಅಲ್ಲವೆ?

ಯೇಸುಸ್ವಾಮಿಯನ್ನು ಬರಮಾಡಿಕೊಳ್ಳದ ಸಮಾರಿಯದ ಊರಿನ ಮೇಲೆ ಆಕಾಶದಿಂದ ಬೆಂಕಿ ಸುರಿಸೋಣವೇ ಎಂದು ಕೇಳಿದವರು ಹೊರಗಿನವರಲ್ಲ, ಆಪ್ತ ಶಿಷ್ಯರಾದ ಯಕೋಬ ಮತ್ತು ಯೊವಾನ್ನರು. ಸ್ವಾಮಿ ಗದರಿದ್ದು ಆ ಊರನ್ನಲ್ಲ, ಇವರನ್ನು. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದ್ದೂ ಇದೇ ದಾರಿಯಲ್ಲಿ.

ಸಂಜೆಯ ಜಪಮಾಲೆ ಮುಗಿದ ಮೇಲೆ ನೆರೆಮನೆಯವರ ಧರ್ಮದ ಬಗ್ಗೆ ನಾವಾಡುವ ಮಾತನ್ನು ನಮ್ಮ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಜಪದಷ್ಟೇ ಆ ಮಾತೂ ಅವರ ಮನಸ್ಸಿನಲ್ಲಿ ಉಳಿಯುತ್ತದೆ.