ನಾಲ್ಕು ಅನ್ನಲು ಹೋಗಿ ‘ಸಾವು’ ಅಂದೆ

ಬಾದಾಮಿಯ ಗುಹೆಗಳ ಮೆಟ್ಟಿಲ ಬಳಿ ಹಾಂಗ್‌ಕಾಂಗ್‌ನಿಂದ ಬಂದಿದ್ದ ಅಜ್ಜ-ಅಜ್ಜಿಗೆ ‘ಇಲ್ಲಿ ನಾಲ್ಕು ಗುಹೆಗಳಿವೆ’ ಎಂದು ಅವರದೇ ಭಾಷೆಯಲ್ಲಿ ಹೇಳಲು ಹೊರಟೆ. ‘ಸೇಯ್’ ಅಂದೆ. ಅಜ್ಜಿ ಬೆಚ್ಚಿದರು. ಕ್ಯಾಂಟನೀಸ್‌ನಲ್ಲಿ ‘ಸೇಯ್’ ಅನ್ನು ಸಮ ದನಿಯಲ್ಲಿ ಹೇಳಿದರೆ ನಾಲ್ಕು. ‘ಹೌದಾ?’ ಎಂದು ಕೇಳುವಾಗಿನಂತೆ ದನಿ ಏರಿಸಿದರೆ ಸಾವು. ನಾಲ್ಕು ಬೆರಳು ಎತ್ತಿದ್ದೆ, ಅದಕ್ಕೇ ಬಚಾವಾದೆ!

ನಾನು ಇಳಕಲ್ಲಿನವನು. ಬಾಗಲಕೋಟೆಯಲ್ಲಿ ಬಿ.ಎ. ಮುಗಿಸಿ ಎರಡು ವರ್ಷವಾಯಿತು, ಕೆಲಸವಿಲ್ಲ. ಅವ್ವ ಸೀರೆ ನೇಯ್ದ ದುಡ್ಡಿನಲ್ಲೇ ಪರೀಕ್ಷೆಗಳ ಅರ್ಜಿ ತುಂಬುತ್ತೇನೆ. ಗೈಡ್ ಆಗೋಣವೆಂದರೆ ಬಾದಾಮಿಯಲ್ಲಿ ಇಂಗ್ಲಿಷ್, ಹಿಂದಿ ಬಲ್ಲವರು ಬೇಕಾದಷ್ಟಿದ್ದಾರೆ. ಒಮ್ಮೆ ಕೀಚೈನ್ ಕೊಟ್ಟ ಪ್ರವಾಸಿಗೆ ‘ಶಿಯೆ ಶಿಯೆ’ ಎಂದೆ. ಆಕೆ ನಕ್ಕು, ಅದು ಮ್ಯಾಂಡರಿನ್, ನಮ್ಮಲ್ಲಿ ‘ತೋ ಚೆ’ ಎಂದರು. ಉಡುಗೊರೆಗೆ ‘ತೋ ಚೆ’, ಯಾರಾದರೂ ಕೆಲಸ ಮಾಡಿಕೊಟ್ಟರೆ ‘ಮ್ ಕೋಯ್’. ಧನ್ಯವಾದದಲ್ಲೂ ಎರಡು ಬಗೆ! ಹಿಡಿದರೆ ಇದನ್ನೇ ಹಿಡಿಯೋಣ ಅನ್ನಿಸಿತು.

ಕಲಿಸುವವರು ಯಾರೂ ಇಲ್ಲ, ಮೊಬೈಲೇ ಮೇಷ್ಟ್ರು. ಒಂದನೇ ತರಗತಿಯಲ್ಲಿ ‘ಕ ಖ ಗ ಘ ಙ’ ತಿದ್ದುವಾಗ ಈ ಙ ಯಾಕಾದರೂ ಇದೆಯೋ ಅಂದುಕೊಂಡಿದ್ದೆ. ಕ್ಯಾಂಟನೀಸ್‌ನಲ್ಲಿ ‘ನಾನು’ ಅಂದರೆ ‘ಙೋ’, ಐದು ಅಂದರೆ ಬರೀ ‘ಙ್’. ಮೂರನೇ ಗುಹೆಯ ಶಾಸನದ ಇಸವಿ 578. ಅದನ್ನು ‘ಙ್, ಛತ್, ಪಾತ್’ ಎಂದು ಬಾಯಿಪಾಠ ಮಾಡಿದೆ. ತೊಡಕು ಆ ಕೊನೆಯ ‘ತ್’ನಲ್ಲಿತ್ತು. ಬಸ್ ಅನ್ನು ಬಸ್ಸು ಮಾಡುವ ಬಾಯಿ ನಮ್ಮದು, ‘ಪಾತ್’ ಹೋಗಿ ‘ಪಾತು’ ಆಗುತ್ತಿತ್ತು. ಆ ‘ತ್’ಗೆ ನಾಲಿಗೆ ತಾಗಿಸಿ ಅಲ್ಲೇ ತಡೆಯಬೇಕು, ಸದ್ದು ಹೊರಬೀಳಬಾರದು. ಇದಕ್ಕೇ ಒಂದು ತಿಂಗಳು ಹಿಡಿಯಿತು.

ಇನ್ನು ಆರು ಸ್ವರಗಳು. 1993ರಲ್ಲಿ ಹಾಂಗ್‌ಕಾಂಗ್‌ನ ಭಾಷಾತಜ್ಞರು ರೂಪಿಸಿದ ‘ಯುತ್‌ಪಿಂಗ್’ ಬರವಣಿಗೆಯಲ್ಲಿ ಪ್ರತಿ ಉಚ್ಚಾರದ ಕೊನೆಗೆ 1ರಿಂದ 6ರವರೆಗೆ ಒಂದು ಅಂಕಿ ಇರುತ್ತದೆ. ನಾನು ಮೊದಲು ಅಂಕಿ ಬಿಟ್ಟು ಬರೀ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೆ. ‘ಸೇಯ್’ ಎಡವಟ್ಟಾಗಿದ್ದು ಅದರಿಂದಲೇ. ಹೊಸದಾಗಿ ಕಲಿಯುವವರು ಈ ಸೋಮಾರಿತನ ಮಾಡಬೇಡಿ.

ಮಗ್ಗದ ಪಕ್ಕ ಕೂತು ‘ಸೀ’ಯನ್ನು ಆರು ದನಿಯಲ್ಲಿ ಹೇಳುತ್ತಿದ್ದರೆ ಅವ್ವ, ‘ಒಂದ ಮಾತ್ ಆರ್ ಸಲ ಯಾಕ ಅಂತೀಯೋ?’ ಅನ್ನುತ್ತಾಳೆ. ಅವು ಆರು ಬೇರೆ ಮಾತುಗಳು: ಕವಿತೆ, ಇತಿಹಾಸ, ಪ್ರಯತ್ನ, ಸಮಯ, ಮಾರುಕಟ್ಟೆ, ಸಂಗತಿ. ಹುನಗುಂದದ ಗೆಳೆಯನದು ಬೇರೆ ಪ್ರಶ್ನೆ: ‘ಇದನ್ನ ಕಲತ್ರ ನೌಕರಿ ಯಾರ್ ಕೊಡ್ತಾರಲೇ?’ ಅವನಿಗೆ ಹೇಳಲು ನನ್ನ ಬಳಿ ಇನ್ನೂ ಉತ್ತರವಿಲ್ಲ. ಹಾಂಗ್‌ಕಾಂಗ್‌ನವರು ದಿನಾ ಬರುವುದೂ ಇಲ್ಲ.

ಅವತ್ತು ಗುಹೆಗಳನ್ನು ನೋಡಿ ಇಳಿಯುವಾಗ ಇನ್ನೊಮ್ಮೆ ಧೈರ್ಯ ಮಾಡಿದೆ. ‘ಸಿಕ್ ಚೋ ಫಾನ್ ಮೇಯ್ ಆ?’ ನಮ್ಮ ‘ಊಟ ಆತೇನ್ರೀ?’ ಅನ್ನುವಂಥದ್ದೇ, ಅವರಲ್ಲೂ ಕುಶಲ ಕೇಳುವ ಮಾತು. ಅಜ್ಜಿ ನನ್ನ ಕೈ ಹಿಡಿದು ಗಡಗಡನೆ ಮಾತಾಡಿದರು. ತಿಳಿದದ್ದು ‘ಫಾನ್’ ಒಂದೇ. ಊಟ ಆಗಿಲ್ಲವೆಂದು ಮುಖ ನೋಡಿ ಅಂದಾಜು ಮಾಡಿ ಖಾನಾವಳಿಗೆ ಕರೆದೊಯ್ದೆ. ರೊಟ್ಟಿ ಎಷ್ಟು ಬೇಕೆಂದು ಸನ್ನೆ ಮಾಡಿದಾಗ ಅಜ್ಜ ನಾಲ್ಕು ಬೆರಳು ಎತ್ತಿ, ನನಗೆ ಪಾಠ ಹೇಳುವವರಂತೆ ದನಿ ಸಮ ಇಟ್ಟು ‘ಸೇಯ್’ ಅಂದರು.