ಅಂತರಜಾಲದಲ್ಲಿ ಸ್ವಾವಲಂಬನೆ: ದೇಶೀಯ ದೂರಸಂಪರ್ಕ ತಂತ್ರಜ್ಞಾನ ಮತ್ತು ಬೆಂಗಳೂರು

ಪೀಠಿಕೆ

ಅಂತರಜಾಲವನ್ನು ಹೊತ್ತು ತರುವ ರೂಟರ್, ಆಪ್ಟಿಕಲ್ ಫೈಬರ್ ಉಪಕರಣ, ಮೊಬೈಲ್ ಗೋಪುರದ ರೇಡಿಯೊ ಹಾಗೂ ಇವುಗಳನ್ನು ನಿಯಂತ್ರಿಸುವ ತಂತ್ರಾಂಶವು ಬಹುಕಾಲ ಹೆಚ್ಚಾಗಿ ವಿದೇಶಿ ಕಂಪನಿಗಳಿಂದಲೇ ಪೂರೈಕೆಯಾಗುತ್ತಿದ್ದವು. ಈ ಅವಲಂಬನೆಯನ್ನು ತಗ್ಗಿಸಲು ಕೇಂದ್ರ ಸರ್ಕಾರವು ಕೈಗೊಂಡ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಅವಲಂಬನೆಯಿಂದಾಗುವ ತೊಂದರೆಗಳು

ಉಪಕರಣದ ತಂತ್ರಾಂಶವನ್ನು ಅದರ ತಯಾರಕರೇ ಕಾಲಕಾಲಕ್ಕೆ ಪರಿಷ್ಕರಿಸುತ್ತಾರೆ. ಅದರೊಳಗೆ ಗುಪ್ತ ದೋಷವಿದೆಯೇ ಎಂಬುದನ್ನು ಖರೀದಿದಾರರು ಕಂಡುಹಿಡಿಯುವುದು ಕಷ್ಟ. ದೇಶಗಳ ನಡುವಿನ ಬಾಂಧವ್ಯ ಕೆಟ್ಟಲ್ಲಿ ಬಿಡಿಭಾಗಗಳ ಪೂರೈಕೆ ಹಾಗೂ ದುರಸ್ತಿ ಸ್ಥಗಿತಗೊಳ್ಳಬಹುದು. ಬ್ಯಾಂಕ್, ವಿದ್ಯುತ್, ಆಸ್ಪತ್ರೆ ಹಾಗೂ ಕಾರ್ಖಾನೆಗಳು ಈ ಜಾಲವನ್ನೇ ಆಶ್ರಯಿಸಿರುವುದರಿಂದ ಇದು ದೇಶದ ಭದ್ರತೆಗೆ ಸಂಬಂಧಿಸಿದ ವಿಷಯವಾಗಿರುತ್ತದೆ.

ಹಿನ್ನೆಲೆ

ದೂರವಾಣಿ ಉಪಕರಣಗಳ ತಯಾರಿಕೆಗಾಗಿ 1948ರಲ್ಲಿ ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ ಸ್ಥಾಪನೆಯಾಯಿತು. 1984ರಲ್ಲಿ ಸಿ-ಡಾಟ್ ಸಂಸ್ಥೆಯು ಆರಂಭವಾಯಿತು. ಈ ಸಂಸ್ಥೆಯು ಹವಾನಿಯಂತ್ರಣದ ಅಗತ್ಯವಿಲ್ಲದಂತೆ ರೂಪಿಸಿದ 128 ಸಂಪರ್ಕಗಳ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಆದರೆ ಮೊಬೈಲ್ ಯುಗ ಬಂದಾಗ ಜಾಲದ ಉಪಕರಣಗಳಿಗಾಗಿ ಮತ್ತೆ ವಿದೇಶಿ ಕಂಪನಿಗಳನ್ನು ಅವಲಂಬಿಸಬೇಕಾಯಿತು.

ಕೈಗೊಂಡ ಪ್ರಮುಖ ಕ್ರಮಗಳು

1. ವಿಶ್ವಾಸಾರ್ಹ ಮೂಲಗಳು: 2021ರ ಜೂನ್ 15ರಿಂದ ದೂರಸಂಪರ್ಕ ಕಂಪನಿಗಳು ವಿಶ್ವಾಸಾರ್ಹವೆಂದು ಘೋಷಿಸಲ್ಪಟ್ಟ ಮೂಲಗಳಿಂದ ಮಾತ್ರ ಹೊಸ ಉಪಕರಣಗಳನ್ನು ಪಡೆದು ಜಾಲಕ್ಕೆ ಜೋಡಿಸತಕ್ಕದ್ದು. ಮೊದಲೇ ಅಳವಡಿಸಿದ ಉಪಕರಣಗಳನ್ನು ಕಡ್ಡಾಯವಾಗಿ ಬದಲಾಯಿಸಬೇಕೆಂದು ಈ ನಿರ್ದೇಶನವು ಹೇಳುವುದಿಲ್ಲ.

2. ಭದ್ರತಾ ಪರೀಕ್ಷೆ: ದೂರಸಂಪರ್ಕ ಇಲಾಖೆಯ ಅಧೀನದಲ್ಲಿ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವು ಉಪಕರಣಗಳು ಪಾಲಿಸಬೇಕಾದ ಭದ್ರತಾ ಮಾನದಂಡಗಳನ್ನು ಸಿದ್ಧಪಡಿಸುತ್ತದೆ.

3. ದೇಶೀಯ 4ಜಿ: ಮೊಬೈಲ್ ಜಾಲದಲ್ಲಿ ಎರಡು ಮುಖ್ಯ ಭಾಗಗಳಿವೆ. ಗೋಪುರದ ರೇಡಿಯೊ ಭಾಗವು ಗ್ರಾಹಕರ ಫೋನಿನೊಡನೆ ಸಂಪರ್ಕ ಸಾಧಿಸುತ್ತದೆ. 'ಕೋರ್' ಎಂಬ ಕೇಂದ್ರ ಭಾಗವು ಗ್ರಾಹಕರನ್ನು ಗುರುತಿಸಿ ದತ್ತಾಂಶವನ್ನು ಸೂಕ್ತ ದಾರಿಗೆ ಕಳುಹಿಸುತ್ತದೆ. ಬಿಎಸ್‌ಎನ್‌ಎಲ್‌ನ 4ಜಿ ಜಾಲಕ್ಕೆ ರೇಡಿಯೊ ಉಪಕರಣಗಳನ್ನು ಎಲೆಕ್ಟ್ರಾನಿಕ್ ಸಿಟಿಯ ತೇಜಸ್ ನೆಟ್‌ವರ್ಕ್ಸ್ ಪೂರೈಸಿತು. ಕೋರ್ ಭಾಗವನ್ನು ಸಿ-ಡಾಟ್ ಅಭಿವೃದ್ಧಿಪಡಿಸಿತು. ಎರಡನ್ನೂ ಟಿಸಿಎಸ್ ಜೋಡಿಸಿತು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಮಂತ್ರಿಯವರು ಸುಮಾರು ₹37,000 ಕೋಟಿ ವೆಚ್ಚದ 97,500ಕ್ಕೂ ಹೆಚ್ಚು ಗೋಪುರಗಳನ್ನು ಉದ್ಘಾಟಿಸಿದರು.

ಇನ್ನೂ ಉಳಿದಿರುವ ಅವಲಂಬನೆ

ವಿನ್ಯಾಸ ಹಾಗೂ ತಂತ್ರಾಂಶ ದೇಶೀಯವಾಗಿದ್ದರೂ ಉಪಕರಣಗಳೊಳಗಿನ ಚಿಪ್‌ಗಳಲ್ಲಿ ಬಹುಪಾಲು ಹೊರದೇಶಗಳಲ್ಲಿಯೇ ತಯಾರಾಗುತ್ತವೆ. ಚಿಪ್ ತಯಾರಿಕೆಗೆ ಅಪಾರ ಬಂಡವಾಳ ಹಾಗೂ ದೀರ್ಘ ಅವಧಿ ಅಗತ್ಯ. ಆದುದರಿಂದ ಸ್ವಾವಲಂಬನೆಯು ಹಂತಹಂತವಾಗಿ ಮಾತ್ರ ಸಾಧ್ಯ. ಮೂಲ ಸಂಕೇತವು ದೇಶದಲ್ಲಿಯೇ ಇರುವುದರಿಂದ ದೋಷ ಕಂಡುಬಂದಾಗ ಅದನ್ನು ಇಲ್ಲಿಯ ತಂತ್ರಜ್ಞರೇ ಸರಿಪಡಿಸಬಹುದೆಂಬುದು ಈಗಾಗಲೇ ದೊರೆತಿರುವ ಪ್ರಯೋಜನ.

ಸಾರ್ವಜನಿಕರ ಗಮನಕ್ಕೆ

ಪೀಣ್ಯ, ವೈಟ್‌ಫೀಲ್ಡ್ ಮುಂತಾದೆಡೆಯ ಸಣ್ಣ ಕೈಗಾರಿಕೆಗಳ ಮಾಲೀಕರು ರೂಟರ್ ಹಾಗೂ ವೈ-ಫೈ ಉಪಕರಣಗಳನ್ನು ಖರೀದಿಸುವಾಗ ಅವು ಸರ್ಕಾರದ ಕಡ್ಡಾಯ ದೂರಸಂಪರ್ಕ ಪ್ರಮಾಣಪತ್ರವನ್ನು ಪಡೆದಿವೆಯೇ ಎಂದು ಪರಿಶೀಲಿಸುವುದು ಸೂಕ್ತ. ತಯಾರಕರು ನೀಡಿದ ಮೂಲ ಪಾಸ್‌ವರ್ಡನ್ನು ಕೂಡಲೇ ಬದಲಾಯಿಸಿ, ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸತಕ್ಕದ್ದು. ಉಪಕರಣವು ದೇಶೀಯವಾಗಿರಲಿ, ವಿದೇಶಿಯಾಗಿರಲಿ, ಈ ಎಚ್ಚರಿಕೆ ಅವಶ್ಯಕ.