ಉಳಿದ ಮಾತ್ರೆಯ ಅಪಾಯ

ನಾರಾಯಣಪೇಟೆ, ಮಕ್ತಲ್, ಗದ್ವಾಲದ ನಮ್ಮ ಮನೆಗಳಲ್ಲಿ ಕೆಮ್ಮು ಬಂದರೆ, ಹಿಂದೆ ಉಳಿದ ಲಿವೋಫ್ಲಾಕ್ಸಸಿನ್ ಮಾತ್ರೆ ನುಂಗುವವರಿದ್ದೇವೆ. ನೆಗಡಿಗೆ ಅದು ನಾಟುವುದಿಲ್ಲ. ಕ್ಷಯವಿದ್ದರೆ ಕೆಲವು ದಿನ ಕೆಮ್ಮು ತಗ್ಗಿಸಿ ರೋಗವನ್ನೇ ಮರೆಮಾಚಬಹುದು. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸೋಣ, ಅದು ಉಚಿತ.

ನ್ಯುಮೋನಿಯಾ, ಮೂತ್ರಪಿಂಡದ ಸೋಂಕಿಗೆ ವೈದ್ಯರು ಈ ಔಷಧ ಕೊಡುವುದುಂಟು. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ 500 ಅಥವಾ 750 ಮಿ.ಗ್ರಾಂ, ಮೂತ್ರಪಿಂಡ ಸೋತವರಿಗೆ ಕಡಿಮೆ. ಎದೆಯುರಿಯ ಆಂಟಾಸಿಡ್, ಕಬ್ಬಿಣದ ಮಾತ್ರೆಗಳಿಗೆ ಎರಡು ಗಂಟೆಯ ಅಂತರವಿರಲಿ. ಹಿಮ್ಮಡಿಯ ಹಿಂದೆ ನೋವು ಬಂದರೆ ಮಾತ್ರೆ ನಿಲ್ಲಿಸಿ, ಕೂಡಲೇ ವೈದ್ಯರನ್ನು ಕಾಣಿರಿ: ಅಲ್ಲಿನ ಸ್ನಾಯುರಜ್ಜು ಹರಿಯಬಹುದು. 60 ದಾಟಿದವರಿಗೆ, ಸ್ಟೀರಾಯ್ಡ್ ಸೇವಿಸುವವರಿಗೆ ಈ ಭಯ ಹೆಚ್ಚು.

2014ರಿಂದ ಅಂಗಡಿಯವರು ಈ ಮಾತ್ರೆ ಕೊಂಡ ರೋಗಿಯ ಹೆಸರು ಬರೆದಿಡಬೇಕೆಂಬ ನಿಯಮವಿದೆ. ಅಜ್ಜಿಗೆ ಬರೆದ ಚೀಟಿ ಅಜ್ಜಿಗೇ ಇರಲಿ.